ಸ್ವಭಾವದ ಚೀಟಿ

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣವಾದದ್ದು ಮೂರು ಬೆರಳಗಲದ ಒಂದು ಚೀಟಿ. ಅದನ್ನು ಬರೆದವರು ಟೈಲರ್ ಮಾಸ್ತರು. ಬರೆದದ್ದು ತಮ್ಮ ಒಬ್ಬಳೇ ಮಗಳ ಬಗ್ಗೆ. ಅವಳಿಗೆ ಆವತ್ತು ಐದು ತುಂಬಿತ್ತು.

ಮಾಸ್ತರದು ಒಂದು ಸಿದ್ಧಾಂತ. ಬಟ್ಟೆಯನ್ನು ಮೈಗೆ ಹೊಲಿದರೆ ಸಾಲದು, ಸ್ವಭಾವಕ್ಕೆ ಹೊಲಿಯಬೇಕು ಎಂದು ಅವರು ನಂಬಿದ್ದರು. ಬಲಗೈ ಎತ್ತಿ ಎತ್ತಿ ವಾದಿಸುವ ವಕೀಲರಿಗೂ, ಎದುರಿಗೆ ಕೈಕಟ್ಟಿ ಕೂತು ಅದನ್ನೆಲ್ಲ ಸಹಿಸುವ ಗುಮಾಸ್ತರಿಗೂ ಒಂದೇ ಥರ ತೋಳು ಇಟ್ಟರೆ, ವಕೀಲರ ಕಂಕುಳು ಮೂರೇ ತಿಂಗಳಲ್ಲಿ ಬಾಯಿ ಬಿಡುತ್ತದೆ. ಹಾಗಾಗಿ ಅವರು ಅಳತೆಯ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಗಿರಾಕಿಯ ಸ್ವಭಾವವನ್ನು ಬೇರೆ ಚೀಟಿಯಲ್ಲಿ ಬರೆಯುತ್ತಿದ್ದರು. ಬಟ್ಟೆ ಮುಗಿಯುವವರೆಗೆ ಆ ಚೀಟಿ ಅದೇ ಬಟ್ಟೆಯ ಜೇಬಿನಲ್ಲಿರುತ್ತಿತ್ತು. ಬಟ್ಟೆ ಅಂಗಡಿ ದಾಟುವ ಮುಂಚೆ ತೆಗೆದು ಹರಿದುಹಾಕುತ್ತಿದ್ದರು. ಯಾರ ಕೈಗಾದರೂ ಸಿಕ್ಕೀತೆಂದು ಚೀಟಿಯಲ್ಲಿ ಹೆಸರು ಮಾತ್ರ ಬರೆಯುತ್ತಿರಲಿಲ್ಲ.

ಗಿರಾಕಿ ಹೊಸ್ತಿಲು ತುಳಿದು ಚಪ್ಪಲಿ ಬಿಡುವ ರೀತಿಯಲ್ಲೇ ಮಾಸ್ತರಿಗೆ ಅರ್ಧ ಚೀಟಿ ಸಿದ್ಧವಾಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಚೀಟಿ ಸುಳ್ಳಾಗಿರಲಿಲ್ಲ. ಸುಳ್ಳಾಗುತ್ತಿದ್ದದ್ದು ಮನೆಯೊಳಗಿನದು ಮಾತ್ರ.

ಮಗಳು ಹುಟ್ಟಿದಾಗ ಉರುಟಾಗಿ ಪುಟಾಣಿಯಾಗಿ ಇದ್ದಳೆಂದು ಮಾಸ್ತರು ಅವಳನ್ನು ಗುಂಡಿ ಎಂದು ಕರೆದಿದ್ದರು, ಅಂಗಿಯ ಗುಂಡಿಯ ಹಾಗೆ. ಅದೇ ನಿಂತುಹೋಯಿತು. ಪ್ರತಿ ಹುಟ್ಟುಹಬ್ಬಕ್ಕೂ ಅವಳಿಗೊಂದು ಫ್ರಾಕು, ಫ್ರಾಕಿನ ಜೇಬಿನಲ್ಲೊಂದು ಚೀಟಿ. ಈ ಚೀಟಿಯನ್ನು ಮಾತ್ರ ಹರಿಯುತ್ತಿರಲಿಲ್ಲ. ಹುಟ್ಟುಹಬ್ಬದ ಬೆಳಿಗ್ಗೆ ತೆಗೆದು ಹಳೆಯ ಅಳತೆ ಪುಸ್ತಕದ ಕೊನೇ ಹಾಳೆಗೆ ಅಂಟಿಸುತ್ತಿದ್ದರು.

ಮೊದಲನೇ ವರ್ಷ ‘ಸೌಮ್ಯ’ ಎಂದು ಬರೆದು ಬಿಳಿ ಲೇಸಿನ ಫ್ರಾಕು ಹೊಲಿದರು. ಮಧ್ಯಾಹ್ನದೊಳಗೆ ಸೌಮ್ಯಳು ಲೇಸನ್ನೆಲ್ಲ ಅಗಿದು ಮುಗಿಸಿದ್ದಳು. ಎರಡನೇ ವರ್ಷ ‘ಬಿಟ್ಟರೆ ಓಡುತ್ತಾಳೆ’ ಎಂದು ಬರೆದು, ಕಾಲಿಗೆ ಸಿಕ್ಕದ ಹಾಗೆ ಗಿಡ್ಡ ಫ್ರಾಕು ಹೊಲಿದರು. ಅವಳು ಇಡೀ ದಿನ ಮೂಲೆಯಲ್ಲಿ ಕೂತು ದಾರ ಮುಗಿದ ಖಾಲಿ ರೀಲುಗಳನ್ನು ಸಾಲಾಗಿ ಜೋಡಿಸಿದಳು. ಮೂರನೇ ವರ್ಷ ‘ನಾಚಿಕೆ’ ಎಂದು ಬರೆದು, ಮುಖ ಮುಚ್ಚಿಕೊಳ್ಳಲಿಕ್ಕೆ ಅಗಲ ಕಾಲರು ಇಟ್ಟರು. ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ ನಿಂತು, ಪ್ಯಾಂಟು ಒಯ್ಯಲು ಬಂದವರಿಗೆ, “ಅಪ್ಪ ನಿಮ್ಮದು ಇನ್ನೂ ಶುರುವೇ ಮಾಡಿಲ್ಲ” ಎಂದು ಸಾರಿದಳು. ನಾಲ್ಕನೇ ವರ್ಷ ‘ಧೈರ್ಯವಂತೆ’ ಎಂದು ಕೆಂಪು ಬಟ್ಟೆ ತಂದರೆ, ಬಲೂನು ಊದುವುದನ್ನು ಕಂಡು ಹೊಲಿಗೆ ಯಂತ್ರದ ಕೆಳಗೆ ನುಸುಳಿ ಅತ್ತಳು.

ಪ್ರತಿ ವರ್ಷ ಹೊಸ ಚೀಟಿ ಅಂಟಿಸುವಾಗ ಮಾಸ್ತರು ಹಳೆಯವನ್ನೆಲ್ಲ ಓದಿ, ಮಲಗಿದ್ದ ಮಗಳನ್ನು ಬಗ್ಗಿ ನೋಡುತ್ತಿದ್ದರು. ತಾವೇ ಹೊಲಿದ ಬಟ್ಟೆಯೊಳಗೆ ಯಾರೋ ಹೇಳದೆ ಕೇಳದೆ ಬಂದು ಸೇರಿಕೊಂಡಂತೆ ಅನಿಸುತ್ತಿತ್ತು. ಯಾರಪ್ಪಾ ಇವಳು? ಇಷ್ಟು ದಿನ ಎಲ್ಲಿದ್ದಳು? ಊರಿಗೆಲ್ಲ ಅಳತೆ ಹೇಳುವ ಮನುಷ್ಯನಿಗೆ ಮನೆಯ ಮಗು ಅಳತೆಗೆ ಸಿಗದಿರುವುದು ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಒಳಗೊಳಗೇ ಖುಷಿ.

ಈ ಸಲ ತಪ್ಪಬಾರದೆಂದು ಹದಿನೈದು ದಿನ ಯಂತ್ರದ ಹಿಂದೆ ಕೂತು ಅವಳನ್ನು ಕದ್ದು ನೋಡಿದರು. ನೋಡಿ ನೋಡಿ, ಎರಡು ಸಲ ಹರಿದು ಮೂರನೇ ಸಲ ಬರೆದರು: ‘ಹೇಳಿದ ಒಂದು ಮಾತೂ ಕೇಳುವವಳಲ್ಲ. ಎಲ್ಲರೂ ತನ್ನ ಮಾತಿನಂತೆ ನಡೆಯಬೇಕು. ತಪ್ಪು ತನ್ನದು, ಸಿಟ್ಟು ನಮ್ಮ ಮೇಲೆ. ಸಿಹಿ ಕಂಡರೆ ಕಾನೂನಿಲ್ಲ. ಹತ್ತಿರ ಹೋಗಿ ನೋಡಿದರೆ ಒಳ್ಳೆಯವಳು.’ ಇದಕ್ಕೆ ತಕ್ಕಂತೆ ಎಲ್ಲ ಕಡೆ ಎರಡೆರಡು ಹೊಲಿಗೆ ಹಾಕಿ, ಮೂರು ಜೇಬಿಟ್ಟು ಹಸಿರು ಫ್ರಾಕನ್ನು ಮುಗಿಸಿ ಮೊಳೆಗೆ ತೂಗುಹಾಕಿದರು. ಪಕ್ಕದ ಮೊಳೆಯಲ್ಲಿ ಶಾಲೆಯ ಹೆಡ್ ಮೇಡಮ್ಮಿನ ಬೂದು ಕೋಟು ತೂಗುತ್ತಿತ್ತು.

ಹುಟ್ಟುಹಬ್ಬದ ಬೆಳಿಗ್ಗೆ ಏಳೂವರೆಗೆ ಮಾಸ್ತರು ಅಂಟಿನ ಡಬ್ಬಿ ಹಿಡಿದುಕೊಂಡು ಫ್ರಾಕಿನ ಜೇಬಿಗೆ ಕೈ ಹಾಕಿದರು. ಚೀಟಿ ಬಂತು. ಬಿಡಿಸಿ ಓದಿದರು.

‘ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಎರಡಿಂಚು ಹೆಚ್ಚು ಇಡುವುದು, ಹೇಳಬಾರದು. ಕೈ ಯಾವಾಗಲೂ ಜೇಬಿನಲ್ಲಿ, ಆದ್ದರಿಂದ ಜೇಬು ಆಳ.’

ಮಾಸ್ತರ ಕೈಯಿಂದ ಅಂಟಿನ ಡಬ್ಬಿ ಜಾರಿತು. ಇದು ಹೆಡ್ ಮೇಡಮ್ಮಿನ ಚೀಟಿ. ಅದು ಇಲ್ಲಿದ್ದರೆ ಗುಂಡಿಯದು ಎಲ್ಲಿ? ಅವರು ಪಕ್ಕದ ಮೊಳೆ ನೋಡಿದರು. ಮೊಳೆ ಬರಿದಾಗಿತ್ತು.

“ಕೋಟು ಎಲ್ಲಿ?” ಎಂದು ಕೂಗಿದರು.

“ಪೋಸ್ಟಜ್ಜ ಬಂದಿದ್ರು, ಆ ಕಡೆಗೇ ಹೋಗ್ತೀನಿ ಅಂದ್ರು, ಕೊಟ್ಟು ಕಳಿಸ್ದೆ. ನಿನ್ನೆ ರಾತ್ರಿನೇ ಇಸ್ತ್ರಿ ಮಾಡಿ ಮಡಿಸಿಟ್ಟಿದ್ನಲ್ಲ” ಎಂದು ಒಳಗಿನಿಂದ ಹೆಂಡತಿ ಹೇಳಿದಳು. “ಯಾಕ್ರೀ, ಏನಾಯ್ತು?”

“ಏನಿಲ್ಲ, ಏನಿಲ್ಲ. ಒಂದು ದಾರದ ಉಂಡೆ ತರ್ಬೇಕಿತ್ತು” ಎಂದು ಮಾಸ್ತರು ಎಡಗಿವಿ ಸವರಿಕೊಂಡರು. ಕೈಯಲ್ಲಿದ್ದ ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿ ಬೀದಿಗಿಳಿದರು.

ಅವರ ಗಾಬರಿಗೆ ಕಾರಣವಿತ್ತು. ಆ ದಿನ ಸಂಜೆ ನಾಲ್ಕಕ್ಕೆ ಗುಂಡಿಯನ್ನು ಶಾಲೆಗೆ ಸೇರಿಸಿಕೊಳ್ಳುವ ಸಂದರ್ಶನ. ಸಂದರ್ಶನ ಮಾಡುವವರು ಇದೇ ಹೆಡ್ ಮೇಡಂ. ಹೋದ ವಾರ ಕೋಟಿನ ಟ್ರಯಲ್ಲಿಗೆ ಬಂದಾಗ, ಮೇಜಿನ ಮೇಲೆ ಕಾಲಾಡಿಸುತ್ತಾ ಕೂತಿದ್ದ ಗುಂಡಿಗೆ ಅವರು ಹೇಳಿದ್ದರು: “ನಮ್ಮ ಶಾಲೆಯಲ್ಲಿ ಮಗು ಹೇಗಿದೆ ಅಂತ ಜಾಸ್ತಿ ನೋಡಲ್ಲ, ಪುಟ್ಟ. ಅಪ್ಪ ಅಮ್ಮ ಎಂಥವರು ಅಂತ ನೋಡ್ತೀವಿ.” ಅಂಥವರು ಇವತ್ತು ಹೊಸ ಕೋಟು ಹಾಕಿಕೊಂಡು, ಅಭ್ಯಾಸಬಲದಿಂದ ಜೇಬಿಗೆ ಕೈ ಬಿಟ್ಟು, ‘ಸಿಹಿ ಕಂಡರೆ ಕಾನೂನಿಲ್ಲ’ ಎಂದು ಹೊರಗೆ ತೆಗೆಯುತ್ತಾರೆ. ಹೆಸರಿಲ್ಲದ ಚೀಟಿ. ಅವರದೇ ಕೋಟು. ಅದೂ ‘ಅವಳು’ ‘ಇವಳು’ ಎಂದು ಏಕವಚನದಲ್ಲಿ! ಮಾಸ್ತರು ಅರ್ಧ ಓಡುತ್ತಾ ಅರ್ಧ ನಡೆಯುತ್ತಾ ಪೋಸ್ಟಜ್ಜನ ಗೇಟು ತಲುಪಿದರು.

ಪೋಸ್ಟಜ್ಜ ಅಂಚೆ ಕೆಲಸದಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಆದರೆ ಖಾಲಿ ಚೀಲ ಹೊತ್ತು ನಡೆದರೆ ಅವರಿಗೆ ಮಂಡಿ ನೋಯುತ್ತಿತ್ತಂತೆ. ಬೀದಿಯವರ ಸಾಮಾನನ್ನೆಲ್ಲ ಅತ್ತಿತ್ತ ಹಂಚುತ್ತಾ ಆರೋಗ್ಯ ಕಾಪಾಡಿಕೊಂಡಿದ್ದರು.

“ಆರೂ ಐವತ್ತಕ್ಕೆ ಬಟವಾಡೆ ಆಯ್ತು. ರುಜು ನೋಡು” ಎಂದು ಪುಟ್ಟ ಪುಸ್ತಕ ತೆಗೆದರು.

“ಅಜ್ಜಾ, ಅದನ್ನ ವಾಪಸ್ ಇಸ್ಕೊಂಡು ಬರೋಕಾಗುತ್ತಾ?”

“ವಾಪಸ್ಸಾ?” ಪೋಸ್ಟಜ್ಜನ ಕನ್ನಡಕ ಮೂಗಿನ ತುದಿಗೆ ಬಂತು. “ಬಟವಾಡೆ ಆದ್ಮೇಲೆ ಅದು ವಿಳಾಸದಾರರ ಸ್ವತ್ತು ಕಣಪ್ಪ. ಮೂವತ್ತೆಂಟು ವರ್ಷ ಸರ್ವೀಸು. ಒಂದು ಕಾರ್ಡು ವಾಪಸ್ ತಂದವನಲ್ಲ. ಅಂಥದ್ದೇನಿದೆ ಅದರಲ್ಲಿ?”

“ಏನಿಲ್ಲಜ್ಜಾ” ಎಂದು ಮಾಸ್ತರು ಕಿವಿ ಮುಟ್ಟಿಕೊಂಡು ಹಿಂದಕ್ಕೆ ಸರಿದರು. ಏನಿಲ್ಲ ಎಂದರೆ ಏನೋ ಇದೆ ಎಂದು ಅಂಚೆಯವರಿಗೆ ಬೇರೆ ಹೇಳಬೇಕೆ? ಅಜ್ಜ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಹೊರಟರು.

ಅಂಗಡಿಯ ಪಕ್ಕದಲ್ಲೇ ಸಲೂನು. ಸಲೂನಿನವ ಮಾಸ್ತರ ಓರಗೆಯವನು. ಯಾರ ಕಷ್ಟಕ್ಕಾದರೂ ಅವನ ಹತ್ತಿರ ಉಪಾಯವಿರುತ್ತಿತ್ತು. ಕುರ್ಚಿಯಲ್ಲಿ ಕೂತವರು ಎದ್ದು ಹೋಗುವ ಹಾಗಿಲ್ಲದ್ದರಿಂದ ಅವನ ಉಪಾಯಗಳನ್ನು ಯಾರೂ ಪರೀಕ್ಷಿಸಿರಲಿಲ್ಲ. ಮಾಸ್ತರು ಎಲ್ಲವನ್ನೂ ಅವನ ಕಿವಿಯಲ್ಲಿ ಹೇಳಿಕೊಂಡರು.

ಸಲೂನಿನವ ಯಾಕೋ ಕೆಮ್ಮು ಬಂದವನಂತೆ ಗೋಡೆಯ ಕಡೆ ತಿರುಗಿ, ಭುಜ ಕುಣಿಸಿ, ಮತ್ತೆ ಈ ಕಡೆ ತಿರುಗಿದ. “ಗುಂಡಿ ಚೀಟಿನಾ? ಅದನ್ನ ಯಾಕೆ ಗುಂಡಿನೇ ಕೇಳ್ಬಾರದು ಮಾಸ್ತರೇ?”

“ಐದು ವರ್ಷದ ಮಗು ಹತ್ರ ಏನು ಕೇಳೋದು ಮಾರಾಯ? ಏನಾದ್ರೂ ದಾರಿ ಹೇಳು.”

“ಹಂಗಾದ್ರೆ ಸೂಜಿ ಉಳಿದಿದೆ ಅನ್ನಿ. ಕೋಟಿನೊಳಗೆ ಗುಂಡುಸೂಜಿ ಮರೆತುಬಿಟ್ಟೆ ಅನ್ನಿ. ಚುಚ್ಚುತ್ತೆ ಅಂದ್ರೆ ಎಂಥ ಮೇಡಮ್ಮಾದ್ರೂ ಕೋಟು ಬಿಚ್ಚಿ ಕೈಗೆ ಕೊಡ್ತಾರೆ.”

ಈ ಉಪಾಯ ಎಷ್ಟು ಚೆನ್ನಾಗಿತ್ತೆಂದರೆ ಬಾಗಿಲ ಹೊರಗೆ ನಿಂತಿದ್ದ ಪೋಸ್ಟಜ್ಜನಿಗೂ ಸರಿಯಾಗಿ ಕೇಳಿಸಿತು. ಅವರಿಗೆ ಕೇಳಿಸಿದ್ದು ಉಪಾಯವಲ್ಲ, ಸೂಜಿ ಮಾತ್ರ.

ಹತ್ತು ಗಂಟೆಗೆ ಮಾಸ್ತರು ಶಾಲೆಯ ಗೇಟಿನಲ್ಲಿದ್ದರು. ಗೇಟಿನಲ್ಲಿ ಒಂದು ಮುದಿ ನಾಯಿ ಮಲಗಿತ್ತು. ಅದು ಏಳುವ ಲಕ್ಷಣವೇನೂ ಇರಲಿಲ್ಲ. ಆದರೂ ಮಾಸ್ತರು ಕಾಂಪೌಂಡಿನ ಸುತ್ತ ಬಳಸಿಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ಹೋದರು. ಹೆಡ್ ಮೇಡಂ ವರಾಂಡದಲ್ಲಿ ನಿಂತು ಅದನ್ನೆಲ್ಲ ನೋಡುತ್ತಿದ್ದರು. ಬೂದು ಕೋಟು ಅವರ ಮೈಮೇಲೆ ಕೂತ ಚಂದಕ್ಕೆ ಮಾಸ್ತರಿಗೆ ಒಂದು ಗಳಿಗೆ ಭಯವೇ ಮರೆತುಹೋಯಿತು. ಆಮೇಲೆ ಅವರ ಎರಡೂ ಕೈ ಎಲ್ಲಿವೆ ಎಂದು ನೋಡಿದರು. ಎರಡೂ ಮಣಿಕಟ್ಟಿನವರೆಗೆ ಜೇಬಿನಲ್ಲಿದ್ದವು.

“ಮೇಡಂ, ಕೋಟಿನಲ್ಲಿ ಒಂದು ಗುಂಡುಸೂಜಿ ಉಳಿದುಬಿಟ್ಟಿದೆ” ಎಂದು ಮಾಸ್ತರು ಕಿವಿ ಹಿಡಿದುಕೊಂಡು ಹೇಳಿದರು.

“ಹೌದಾ? ಎಲ್ಲಿ?”

“ಜೇಬಿನಲ್ಲಿ.”

“ಯಾವ ಜೇಬು?”

ಸಲೂನಿನವ ಇಷ್ಟು ದೂರ ಹೇಳಿಕೊಟ್ಟಿರಲಿಲ್ಲ. “ಎರಡರಲ್ಲೂ” ಎಂದರು ಮಾಸ್ತರು.

“ಒಂದೇ ಸೂಜಿ, ಎರಡು ಜೇಬು.” ಮೇಡಂ ಅವರ ಕಿವಿಯನ್ನೇ ನೋಡುತ್ತಾ, ಕಂಕುಳಲ್ಲಿದ್ದ ಹಾಜರಿ ಪುಸ್ತಕದೊಳಗಿನಿಂದ ಒಂದು ಕಾಗದ ತೆಗೆದು, ಪೆನ್ಸಿಲಿನಿಂದ ಏನೋ ಗುರುತು ಹಾಕಿ ಮತ್ತೆ ಒಳಗಿಟ್ಟರು. ಯಾವುದೋ ಮಗು ತಡವಾಗಿ ಬಂದಿರಬೇಕೆಂದು ಮಾಸ್ತರು ಅಂದುಕೊಂಡರು. ಮೇಡಂ ಕೋಟು ಬಿಚ್ಚಿ ಕೊಟ್ಟರು. “ಇಲ್ಲೇ ಹುಡುಕಿ. ನನ್ನೆದುರಿಗೇ. ಹನ್ನೊಂದಕ್ಕೆ ಅತಿಥಿಗಳು ಬರ್ತಾರೆ.”

ಮಾಸ್ತರು ಬಲಜೇಬಿಗೆ ಕೈ ಹಾಕಿದರು. ಏನಿಲ್ಲ. ಎಡಜೇಬು. ಅಲ್ಲೂ ಇಲ್ಲ. ತಾವೇ ಆಳವಾಗಿ ಹೊಲಿದ ಜೇಬಿನಲ್ಲಿ ಮೊಣಕೈವರೆಗೆ ಇಳಿದು ತಡಕಿದರು. ಚೀಟಿ ಇಲ್ಲ! ಹಾಗಾದರೆ ಜೇಬಿನ ಸಂದಿಯಿಂದ ಜಾರಿ ಲೈನಿಂಗಿನ ಒಳಗೆ ಹೋಗಿರಬೇಕು. ಅಲ್ಲಿಂದ ಅದು ಯಾವಾಗ ಬೇಕಾದರೂ ಹೊರಗೆ ಇಣುಕಬಹುದು. ಮಾಸ್ತರು ಹಿಂದೆಮುಂದೆ ನೋಡದೆ ತಮ್ಮ ಜೇಬಿನಿಂದ ಸಣ್ಣ ಕತ್ತರಿ ತೆಗೆದು ಲೈನಿಂಗಿನ ಹೊಲಿಗೆ ಬಿಚ್ಚತೊಡಗಿದರು. ಕತ್ತರಿ ತಪ್ಪಿ ಹೊಲಿಗೆಯ ಜೊತೆಗೆ ಬಟ್ಟೆಯೂ ಒಂದು ಗೇಣು ಹರಿಯಿತು. ಒಳಗೆ ಚೀಟಿ ಇರಲಿಲ್ಲ.

“ಸೂಜಿ ಸಿಕ್ತಾ?” ಎಂದರು ಮೇಡಂ.

“ಸಿಕ್ತು ಮೇಡಂ” ಎಂದು ಮಾಸ್ತರು ಖಾಲಿ ಬೆರಳುಗಳನ್ನು ಮುಷ್ಟಿ ಮಾಡಿ, ಇನ್ನೊಂದು ಕೈಯಿಂದ ಕಿವಿ ಸವರಿಕೊಂಡರು. ಮೇಡಂ ಮತ್ತೆ ಕಾಗದ ತೆಗೆದು ಎರಡು ಗುರುತು ಹಾಕಿದರು.

ಹರಿದದ್ದನ್ನು ಸರಿಮಾಡದೆ ಹೋಗುವ ಹಾಗಿಲ್ಲ. ಹತ್ತಿರದಲ್ಲಿ ಖಾಲಿ ಇದ್ದದ್ದು ಪುಟ್ಟ ಮಕ್ಕಳ ತರಗತಿಯ ಹಿಂದಿನ ಬೆಂಚು. ಮಾಸ್ತರು ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಅದರಲ್ಲಿ ಕೂತು, ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಅವಸರದಲ್ಲಿ ಹೊಲಿದರು. ಮೂವತ್ತು ಮಕ್ಕಳು ಪಾಠ ಬಿಟ್ಟು ಅವರ ಕಡೆ ತಿರುಗಿದ್ದವು. ಒಂದು ಹುಡುಗಿ, “ಮಿಸ್, ಇವರು ಯಾಕೆ ಇಷ್ಟು ದೊಡ್ಡವರಾದ ಮೇಲೆ ಸೇರಿದ್ದು?” ಎಂದು ಕೇಳಿದಳು.

ದಾರ ಕಡಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಮೇಡಂ ಬಂದು ಕೋಟು ತೆಗೆದುಕೊಂಡು, ತೋಳೇರಿಸುತ್ತಾ ವರಾಂಡದ ಕಡೆ ಹೊರಟರು. ಅವರ ಹಿಂದೆ ಮಾಸ್ತರೂ ಹೊರಟರು. ಹೋಗದೆ ವಿಧಿಯಿರಲಿಲ್ಲ. ಲೈನಿಂಗಿನ ಜೊತೆಗೆ ತಮ್ಮ ಅಂಗಿಯ ಅಂಚನ್ನೂ ಸೇರಿಸಿ ಗಟ್ಟಿಯಾಗಿ ಹೊಲಿದುಬಿಟ್ಟಿದ್ದರು. ಇಪ್ಪತ್ತು ವರ್ಷದ ಅನುಭವದ ಹೊಲಿಗೆ, ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ಹತ್ತು ಹೆಜ್ಜೆ ನಡೆದ ಮೇಲೆ ಮೇಡಂ ನಿಂತು, “ಅತಿಥಿಗಳನ್ನ ಸ್ವಾಗತಿಸೋಕೆ ನೀವೂ ಬರ್ತೀರಾ ಮಾಸ್ತರೇ?” ಎಂದು ಕೇಳಿದರು.

ಮೂವತ್ತು ಮಕ್ಕಳು ಚಪ್ಪಾಳೆ ತಟ್ಟಿ ನಕ್ಕವು. ಮೇಡಂ ನಗಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಸ್ವಲ್ಪ ಅರಳಿತು. ಕತ್ತರಿಸಿ ಬಿಡಿಸಿಕೊಳ್ಳುವಾಗ ಮಾಸ್ತರ ಅಂಗಿಯ ಒಂದು ತುಂಡು ಕೋಟಿನ ಜೊತೆಗೇ ಹೋಯಿತು.

ಮಾಸ್ತರು ಬೀದಿಗೆ ಮರಳುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಕೂತಿತ್ತು. ಪೋಸ್ಟಜ್ಜನ ಬಟವಾಡೆ ಎಂದರೆ ತಡವಾಗುವ ಮಾತಿಲ್ಲ. ಮೊದಲ ತಿರುವಿನಲ್ಲಿ ಮೇಡಮ್ಮಿನ ಕೋಟಿನಲ್ಲಿ ಸೂಜಿ ಇತ್ತು. ಎರಡನೇ ತಿರುವಿನಲ್ಲಿ ಅದು ದಬ್ಬಣವಾಗಿತ್ತು. ಮಾಸ್ತರ ಮನೆ ಬಾಗಿಲಿಗೆ ಬರುವಾಗ ಕತ್ತರಿಯೇ ಇತ್ತಂತೆ, ಮೇಡಂ ಆಸ್ಪತ್ರೆಯಲ್ಲಿದ್ದರಂತೆ.

“ರೀ, ಮೇಡಂಗೆ ಎಷ್ಟು ಹೊಲಿಗೆ ಹಾಕಿದ್ರಂತೆ?” ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು. “ಅಂಗಿ ಎಲ್ಲಿ ಹರ್ಕೊಂಡ್ರಿ? ದಾರ ಎಲ್ಲಿ?”

“ಅಂಗಡಿ ಮುಚ್ಚಿತ್ತು” ಎಂದರು ಮಾಸ್ತರು.

“ಕಿವಿ ಬಿಟ್ಟು ಮಾತಾಡಿ.”

ಮಾಸ್ತರು ಕಿವಿ ಬಿಟ್ಟು ಮಗಳ ಪಕ್ಕ ಹೋಗಿ ಕೂತರು. ಗುಂಡಿ ಹಸಿರು ಫ್ರಾಕು ಹಾಕಿಕೊಂಡು, ಮೂರು ಜೇಬುಗಳಿಗೂ ಒಂದೊಂದು ಸಲ ಕೈ ಹಾಕಿ ತೆಗೆದು ಪರೀಕ್ಷಿಸುತ್ತಿದ್ದಳು. ಹುಟ್ಟುಹಬ್ಬದ ಮಿಠಾಯಿ ತಟ್ಟೆಯಲ್ಲಿ ಹಾಗೇ ಇತ್ತು. ಸಿಹಿ ಕಂಡರೆ ಕಾನೂನಿಲ್ಲದವಳು ಒಂದನ್ನೂ ಮುಟ್ಟಿರಲಿಲ್ಲ.

“ಯಾಕಮ್ಮಾ ತಿಂದಿಲ್ಲ?”

“ನೀನು ಬರ್ಲಿ ಅಂತ.”

ಈ ವರ್ಷದ ಚೀಟಿಯೂ ತಪ್ಪು ಎಂದು ಮಾಸ್ತರಿಗೆ ಹೊಳೆಯಿತು. ಆ ತಪ್ಪು ಚೀಟಿಯೇ ಈಗ ಮಗುವಿನ ಶಾಲೆಗೆ ಅಡ್ಡ ಬರಲಿದೆ ಎಂದೂ ಹೊಳೆಯಿತು. ಅಳು ಬಂದಂತಾಯಿತು.

ಮೂರೂವರೆಗೆ ಮೂವರೂ ಹೊರಟರು. ಮಾಸ್ತರು ಅಂಗಿ ಬದಲಿಸಿ, ಹಳೆಯ ಅಂಗಿಯ ಜೇಬಿನಲ್ಲಿದ್ದ ಕನ್ನಡಕ, ಕತ್ತರಿ, ಕಾಗದಪತ್ರ ಎಲ್ಲವನ್ನೂ ಯೋಚನೆಯಿಲ್ಲದೆ ಹೊಸದರ ಜೇಬಿಗೆ ಸುರಿದುಕೊಂಡಿದ್ದರು. ದಾರಿಯಲ್ಲಿ ಗುಂಡಿ ಅವರ ಬೆರಳು ಹಿಡಿದು ಕೇಳಿದಳು: “ಅಪ್ಪಾ, ನಿಂಗೆ ಹೆದರಿಕೆ ಆಗ್ತಿದೆಯಾ?”

“ಇಲ್ಲ ಮಗಳೇ.”

ಅವಳು ಕತ್ತೆತ್ತಿ ಅವರ ಎಡಗೈ ಎಲ್ಲಿದೆ ಎಂದು ನೋಡಿದಳು. ಗೇಟಿನ ಹತ್ತಿರ ಬಂದಾಗ ನಾಯಿಗೂ ಅಪ್ಪನಿಗೂ ನಡುವೆ ತಾನು ಬರುವ ಹಾಗೆ ಜಾಗ ಬದಲಾಯಿಸಿಕೊಂಡಳು.

ಹೆಡ್ ಮೇಡಮ್ಮಿನ ಕೋಣೆಯಲ್ಲಿ ಅವರು ಕೂತು ನಿಮಿಷವಾಗಿತ್ತೋ ಇಲ್ಲವೋ, ಪೋಸ್ಟಜ್ಜ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಕೈಯಲ್ಲಿ ಕುದುರೆ ಲಾಳದಂಥ ದೊಡ್ಡ ಅಯಸ್ಕಾಂತ.

“ಮೇಡಂ, ಅಲ್ಲಾಡ್ಬೇಡಿ. ನಾನೇ ಬಟವಾಡೆ ಮಾಡಿದ ಕೋಟು, ಜವಾಬ್ದಾರಿ ನಂದು” ಎಂದು ಕೋಟಿನ ಮೇಲಿಂದ ಕೆಳಗೆ ಅಯಸ್ಕಾಂತ ಎಳೆದರು. ಮೇಡಮ್ಮಿನ ತಲೆಯ ಎರಡು ಪಿನ್ನು, ಮೇಜಿನ ಮೇಲಿನ ಕ್ಲಿಪ್ಪುಗಳು, ಕೊನೆಗೆ ಮಾಸ್ತರ ಜೇಬಿನ ಕತ್ತರಿ ಎಲ್ಲ ಬಂದು ಅಂಟಿದವು. ಗುಂಡುಸೂಜಿ ಬರಲಿಲ್ಲ.

“ಇಲ್ಲದ್ದು ಹೇಗೆ ಬರುತ್ತೆ ಅಜ್ಜಾ? ಕೂತ್ಕೊಳ್ಳಿ” ಎಂದು ಮೇಡಂ ಪಿನ್ನುಗಳನ್ನು ಬಿಡಿಸಿ ತಲೆಗೆ ಸಿಕ್ಕಿಸಿಕೊಂಡರು. ಆಮೇಲೆ ಹಾಜರಿ ಪುಸ್ತಕ ತೆರೆದು, ಬೆಳಿಗ್ಗೆ ಗುರುತು ಹಾಕುತ್ತಿದ್ದ ಕಾಗದ ಹೊರಗೆ ತೆಗೆದರು. ಮೂರು ಬೆರಳಗಲದ ಚೀಟಿ.



“ಬೆಳಿಗ್ಗೆ ಕೋಟು ಹಾಕ್ಕೊಂಡು ಜೇಬಿಗೆ ಕೈ ಹಾಕಿದೆ, ಇದು ಸಿಕ್ತು” ಎಂದರು ಮೇಡಂ. “ಇಪ್ಪತ್ತಾರು ವರ್ಷದಿಂದ ಸಂದರ್ಶನ ಮಾಡ್ತಿದೀನಿ. ಇಷ್ಟು ಚೆನ್ನಾಗಿ ಯಾರೂ ಬರ್ಕೊಟ್ಟಿರಲಿಲ್ಲ. ಓದ್ತೀನಿ, ಕೇಳಿ.”

“ಮೇಡಂ, ಅದು ನಿಮ್ಮ ಬಗ್ಗೆ ಅಲ್ಲ!” ಎಂದು ಮಾಸ್ತರು ಎದ್ದು ನಿಂತರು.

“ಗೊತ್ತು. ಕೂತ್ಕೊಳ್ಳಿ.” ಮೇಡಂ ಓದಿದರು: “‘ಇದು ನಮ್ಮಪ್ಪ. ಅಪ್ಪ ಮೂರು ಜನಕ್ಕೆ ಹೆದರುತ್ತಾರೆ: ಅಮ್ಮ, ನಾಯಿ, ಹೆಡ್ ಮೇಡಂ. ಸುಳ್ಳು ಹೇಳುವಾಗ ಕಿವಿ ಮುಟ್ಟಿಕೊ‍ಳ್ಳುತ್ತಾರೆ. ಒಂದು ಸರಿಮಾಡಲು ಹೋಗಿ ಇನ್ನೊಂದು ಹರಿಯುತ್ತಾರೆ. ಏನಾದರೂ ಕಳೆದರೆ ಯಾರಿಗೂ ಹೇಳದೆ ತಾವೇ ಹುಡುಕುತ್ತಾರೆ, ಸಿಗುವುದಿಲ್ಲ. ನನ್ನನ್ನು ಯಂತ್ರದ ಹಿಂದಿನಿಂದ ನೋಡಿ ನೋಡಿ ಬರೆಯುತ್ತಾರೆ. ನನ್ನ ಹತ್ತಿರ ವಿಚಾರಿಸುವುದಿಲ್ಲ. ಆದರೂ ಅವರಿಗೆ ಸ್ಕೂಲು ಕೊಡಿ.’”

ಚೀಟಿಯ ಅಕ್ಷರ ಸಲೂನಿನವನದು. ಬಾಗಿಲ ಹೊರಗಿನ ಬೆಲೆಪಟ್ಟಿಯಲ್ಲಿ ಮಾಸ್ತರು ಅದನ್ನು ದಿನಾ ನೋಡುತ್ತಿದ್ದರು. ಬೆಳಿಗ್ಗೆ ಅವನಿಗೆ ಬಂದ ಕೆಮ್ಮು ಯಾವುದೆಂದು ಈಗ ಗೊತ್ತಾಯಿತು.

“ಸಲೂನ್ ಮಾಮನ ಹತ್ರ ಬರೆಸಿದೆ” ಎಂದಳು ಗುಂಡಿ. “ಮೇಡಂ ಹೇಳಿದ್ರಲ್ಲ, ಅಪ್ಪ ಎಂಥವರು ಅಂತ ನೋಡ್ತೀವಿ ಅಂತ. ಅದಕ್ಕೆ ಅವರ ಜೇಬಲ್ಲೇ ಇಟ್ಟೆ. ಅಲ್ಲಿದ್ದ ಚೀಟಿನ ನನ್ನ ಫ್ರಾಕಲ್ಲಿಟ್ಟೆ. ನನ್ನ ಚೀಟಿ ನನ್ನ ಹತ್ರನೇ ಇದೆ.” ಎಂದು ಮೂರನೇ ಜೇಬಿನಿಂದ ಮುದ್ದೆಯಾದ ಕಾಗದ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು. “ಮಾಮ ಓದಿ ಹೇಳಿದ್ರು. ಪೂರ್ತಿ ತಪ್ಪಿಲ್ಲ ಅಪ್ಪಾ. ಆದ್ರೆ ನಾನು ಹೇಳಿದ ಮಾತು ಕೇಳ್ತೀನಿ. ಆಮೇಲೆ ಯೋಚನೆ ಮಾಡ್ತೀನಿ. ಅಷ್ಟರಲ್ಲಿ ನೀನು ಬೈದುಬಿಟ್ಟಿರ್ತೀಯ.”

ಮಾಸ್ತರು ಐದು ವರ್ಷ ಚೀಟಿಯ ಮೇಲೆ ಚೀಟಿ ಬರೆದಿದ್ದರು. ಅಕ್ಷರ ಬಾರದ ಮಗು ಒಂದೇ ಚೀಟಿಯಲ್ಲಿ ಅವರನ್ನು ಪೂರ್ತಿ ಅಳೆದು ಮುಗಿಸಿತ್ತು. ನಾಚಿಕೆಯಾಯಿತು, ಸಂತೋಷವೂ ಆಯಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಇಲ್ಲದ ಭಯಕ್ಕೆ ಎಂದು ತಿಳಿದು ಒಂದು ಹೊರೆ ಇಳಿದಂತಾಯಿತು.

“ಬೆಳಗಿನಿಂದ ಒಂದೊಂದೇ ಸಾಲು ಪರೀಕ್ಷೆ ಮಾಡ್ತಾ ಇದ್ದೆ” ಎಂದರು ಮೇಡಂ. ಆ ದಿನ ಮೊದಲ ಸಲ ಅವರ ತುಟಿಯಂಚಿನಲ್ಲಿ ನಗು ಕಂಡಿತು. “ನಾಯಿ ಸರಿ. ಕಿವಿ ಸರಿ. ಹರಿದದ್ದೂ ಸರಿ. ಮಗು ಒಂದು ಸುಳ್ಳೂ ಬರೆಸಿಲ್ಲ. ಸೀಟು ಕೊಟ್ಟಿದೀನಿ.” ಎಂದು ಅರ್ಜಿಯ ಮೇಲೆ ರುಜು ಹಾಕಿ ಮುದ್ರೆ ಒತ್ತಿದರು.

ಹೆಂಡತಿ ಕೈ ಮುಗಿದಳು. ಪೋಸ್ಟಜ್ಜ ತಮ್ಮ ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಎಲ್ಲರೂ ಏಳುವುದರಲ್ಲಿದ್ದರು.

“ಮೇಡಂ” ಎಂದಳು ಗುಂಡಿ. “ಅಪ್ಪಂದು ಓದಿದ್ರಿ. ನಂದು ಸಲೂನ್ ಮಾಮ ಓದಿದ್ರು. ನಿಮ್ಮದು ಓದಲ್ವಾ?”

“ನನ್ನದಾ?”

“ಹೂಂ. ನಿಮ್ಮ ಕೋಟಲ್ಲಿದ್ದದ್ದು. ಅಪ್ಪನ ಜೇಬಲ್ಲಿದೆ.”

ಮಾಸ್ತರ ಎಡಗೈ ತಾನಾಗಿ ಕಿವಿಯ ಕಡೆ ಹೊರಟಿತು. ನಾಲ್ಕು ಜೋಡಿ ಕಣ್ಣು ಅದನ್ನೇ ನೋಡುತ್ತಿದ್ದವು. ಅರ್ಧ ದಾರಿಯಲ್ಲಿ ಅದು ನಿಂತು, ಬೇರೆ ದಾರಿ ಕಾಣದೆ ಜೇಬಿಗೆ ಇಳಿದು ಚೀಟಿಯನ್ನು ಹೊರಗೆ ತೆಗೆಯಿತು. ಮೇಡಂ ಕೈ ನೀಡಿ ತೆಗೆದುಕೊಂಡು ಓದಿದರು. ಒಂದು ಸಲ ಓದಿ, ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು. ಓದುತ್ತಾ ಓದುತ್ತಾ, ತಮಗೇ ತಿಳಿಯದೆ, ಹೊಟ್ಟೆಯನ್ನು ಒಳಗೆ ಎಳೆದುಕೊಂಡರು.

“ರುಜು ಹಾಕಿಯಾಗಿದೆ, ವಾಪಸ್ ತಗೊಳ್ಳೋ ಹಾಗಿಲ್ಲ” ಎಂದರು ಕೊನೆಗೆ. ನಿಧಾನವಾಗಿ ಎದ್ದು ನಿಂತು, ಕೋಟು ಬಿಚ್ಚಿ, ಮಡಿಸಿ ಮಾಸ್ತರ ಮುಂದಿಟ್ಟರು. “ಈ ಎರಡಿಂಚು ನನಗೆ ಬೇಡ ಮಾಸ್ತರೇ. ಟೇಪಿನಲ್ಲಿ ಬಂದ ಅಳತೆಗೆ ಸರಿಯಾಗಿ ಚಿಕ್ಕದು ಮಾಡಿ, ನಾಳೆ ಬೆಳಿಗ್ಗೆ ತಂದ್ಕೊಡಿ. ನಾನು ಹಾಕ್ಕೊಂಡು, ಗುಂಡಿಗಳನ್ನೆಲ್ಲ ಹಾಕಿ ತೋರಿಸ್ತೀನಿ.”

ದಾರಿಯುದ್ದಕ್ಕೂ ಮಾಸ್ತರು ಕೋಟನ್ನು ಎದೆಗೆ ಅವುಚಿಕೊಂಡು ನಡೆದರು. ಎರಡಿಂಚು ತೆಗೆದರೆ ನಾಳೆ ಬೆಳಿಗ್ಗೆ ಗುಂಡಿಗಳು ಒಂದೊಂದಾಗಿ ಗೋಡೆಗೆ ಸಿಡಿಯುತ್ತವೆ. ತೆಗೆಯದಿದ್ದರೆ, ತೆಗೆದೆ ಎಂದು ಮೇಡಮ್ಮಿನ ಮುಖ ನೋಡಿ ಹೇಳಬೇಕು. ಪಕ್ಕದಲ್ಲಿ ಹೆಂಡತಿ ಒಂದೂ ಮಾತಾಡುತ್ತಿರಲಿಲ್ಲ. ಅದು ಇನ್ನೊಂದು ಹೆದರಿಕೆ.

ಗುಂಡಿ ಸ್ವಲ್ಪ ಹೊತ್ತು ಅವರ ಮುಖ ನೋಡಿಕೊಂಡೇ ನಡೆದಳು. ಆಮೇಲೆ ಅವರ ಎಡಗೈ ಹುಡುಕಿ, ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ನೀನು ತೆಗೆಯಲ್ಲ, ನಂಗೊತ್ತು” ಎಂದಳು. “ಹೆದರ್ಬೇಡ ಅಪ್ಪಾ. ನಾಳೆ ಹೇಳೋವಾಗ ನಾನೂ ಬಂದು ಹೀಗೇ ಹಿಡ್ಕೊಂಡಿರ್ತೀನಿ.”